ಮಂಗಳಮ್ಮನ ಗುಲಾಬಿ ಕಡ್ಡಿಗಳು

ಮಂಗಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನರಸೀಪುರದ ನಮ್ಮ ಲ್ಯಾಬಿಗೆ ಬರುವವರೆಲ್ಲ ಹೇಳುತ್ತಾರೆ. ಹೇಳಲಿ. ಹದಿನಾರು ಗ್ರಾಮದಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು, ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿನ ಮುಂದೆ ಕಣ್ಣು ಸವೆಸಿದವರು. ಅದಕ್ಕೂ ಮೊದಲು ತಾಂಡ್ಯದ ಒಂದು ಕಾರ್ಖಾನೆಯಲ್ಲಿದ್ದರು. ಪರೀಕ್ಷೆ ಮಾಡದ ನೀರಿನ ರಿಪೋರ್ಟಿಗೆ ಸಹಿ ಹಾಕು ಎಂದವನ ಮೇಜಿನ ಮೇಲೆ ಪೆನ್ನು ಎಸೆದು ಬಂದರಂತೆ. ನನಗೆ ಅಂಥ ಸಿಟ್ಟು ಇಷ್ಟ.

ಕೌಂಟರಿನಲ್ಲಿ ಕೂರುವ ನಾನು ಬ್ಯಾಕ್ಟೀರಿಯಾವನ್ನು ಹುಳ ಎಂದು ಒಮ್ಮೆ ಬಾಯಿಬಿಟ್ಟು ಅವರಿಂದ ಚೆನ್ನಾಗಿ ಬೈಸಿಕೊಂಡೆ.

"ಹುಳ ಅಲ್ಲ ಕಣೇ ರಮ್ಯ! ಇದಕ್ಕಿರೋದು ಒಂದೇ ಜೀವಕೋಶ, ಅದ್ರೊಳಗೆ ಕೋಶಕೇಂದ್ರಾನೂ ಇಲ್ಲ. ಅನುಕೂಲ ಸಿಕ್ರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗ್ತದೆ. ಗುಂಡಗಿರ್ತದೆ, ಕಡ್ಡಿ ಥರ ಇರ್ತದೆ, ಸುರುಳಿ ಥರಾನೂ ಇರ್ತದೆ. ಆಕಾರ ನೋಡು, ಬಣ್ಣ ನೋಡು."

ನೇರಳೆ ಬಣ್ಣ ಹಾಕಿ ಸ್ಪಿರಿಟ್ಟಿನಲ್ಲಿ ತೊಳೆದರೆ ಕೋಶದ ಗೋಡೆ ದಪ್ಪಗಿರುವ ಬ್ಯಾಕ್ಟೀರಿಯಾ ಆ ಬಣ್ಣ ಬಿಡುವುದಿಲ್ಲ. ತೆಳು ಗೋಡೆಯವು ಬಿಟ್ಟುಬಿಡುತ್ತವೆ, ಆಮೇಲೆ ಹಾಕಿದ ಗುಲಾಬಿಯನ್ನು ಹಿಡಿಯುತ್ತವೆ. ಒಂದು ಬಗೆಗೆ ನಾಟುವ ಔಷಧ ಇನ್ನೊಂದಕ್ಕೆ ನಾಟದೆ ಹೋಗಬಹುದು.

ಕಳೆದ ತಿಂಗಳು ಒಂದು ಸೋಮವಾರ ಸೋಮನಾಥಪುರದ ಪವಿತ್ರಾ ಬಾಟಲಿಯಲ್ಲಿ ಹಾಲು ತಂದಳು. ಮನೆಗಿರುವುದೊಂದೇ ಹಸು, ಕೆಚ್ಚಲು ಬಾತು ಕಲ್ಲಾಗಿತ್ತು. ದನದ ಡಾಕ್ಟರ ಮೊದಲ ಇಂಜೆಕ್ಷನ್ನಿಗೆ ಬಾವು ಬಗ್ಗಿರಲಿಲ್ಲ. ಮುಂದೆ ಯಾವ ಔಷಧ ಕೊಡಬೇಕೆಂದು ಅವರು ನಮ್ಮ ರಿಪೋರ್ಟಿಗೆ ಕಾಯುತ್ತಿದ್ದರು.

ಬುಧವಾರ ನೋಡಿದರೆ ಸ್ಲೈಡಿನ ತುಂಬ ಗುಲಾಬಿ ಕಡ್ಡಿಗಳು, ಅವನ್ನು ಬೆಳೆಸಲು ಇಟ್ಟ ತಟ್ಟೆ ಮಾತ್ರ ಖಾಲಿ. ಬೆಳೆಯದಿದ್ದರೆ ಯಾವ ಔಷಧಕ್ಕೆ ಸಾಯುತ್ತದೆಂದು ತಿಳಿಯುವುದು ಹೇಗೆ?

"ಏನೂ ಬೆಳೆದಿಲ್ಲ ಅಂತ ಬರೆದು ಕಳ್ಸಿ ಮೇಡಂ, ನಿಜಾನೇ ಅಲ್ವಾ?" ಎಂದರು ಲ್ಯಾಬಿನ ಮಾಲೀಕ ಅಮೃತೇಶ್.

"ಕಣ್ಮುಂದೆ ಹೆಣದ ರಾಶಿ ಬಿದ್ದಿದೆ, ಊರಲ್ಲಿ ಯಾರೂ ಸತ್ತಿಲ್ಲ ಅಂತ ಬರೀಲಾ? ಬಣ್ಣ ಸತ್ತಿದ್ದಕ್ಕೂ ಹಿಡೀತದೆ ಕಣ್ರೀ! ಯಾರೋ ಸಾಯಿಸಿ ತಂದವ್ರೆ ಇದನ್ನ."

ಮಧ್ಯಾಹ್ನದ ಬಸ್ಸಿಗೇ ನನ್ನನ್ನೂ ಎಳೆದುಕೊಂಡು ಸೋಮನಾಥಪುರಕ್ಕೆ ಹೊರಟರು. ಹಸು ಎದ್ದು ನಿಲ್ಲುತ್ತಿರಲಿಲ್ಲ. ಹಾಲಿಗೆ ಏನು ಮಾಡಿದಿರಿ ಎಂದು ಕೇಳಿದರೆ ಪವಿತ್ರಾ ಅತ್ತೆಯ ಮುಖ ನೋಡಿದಳು. ಅತ್ತೆ ಗೋವಿಂದಮ್ಮ ಅಳುಕಲಿಲ್ಲ.

"ಕಾಯಿಸ್ದೆ ಕಣವ್ವ. ಕಾಯ್ಲೆ ದನದ ಆಲ್ನ ಕಾಯಿಸ್ದಂಗೆ ಬ್ಯಾರೇರ ಕೈಗೆ ಕೊಟ್ರೆ ಕೆಚ್ಚಲು ಬತ್ತೋಯ್ತದೆ. ನಮ್ಮತ್ತೆ ಕಾಲ್ದಿಂದ್ಲೂ ಇಂಗೇಯ."

ಮಂಗಳಮ್ಮ ಕೊಟ್ಟಿಗೆ ಹಾರಿಹೋಗುವಂತೆ ಕೂಗಿದರು. "ಮೂರು ದಿನ ಹಾಳು ಮಾಡಿದ್ರಲ್ಲ! ಕುದಿಸಿದ್ರೆ ಬದುಕಿರ್ತದಾ ಅದು? ಓದಿದೋಳು ನೀನು, ಪವಿತ್ರಾ, ಬಾಯಿ ಇರ್ಲಿಲ್ವಾ ನಿಂಗೆ?"

"ಅವಳ್ನ ಯಾಕ್ ಬೈತೀಯೆ? ಕಾಯಿಸ್ಬ್ಯಾಡಿ ಅಂತ ನೀವು ಏಳುದ್ರಾ? ಬಾಟ್ಲಿ ಈಸ್ಕೊಂಡಾಗ್ಲಾದ್ರೂ ಕೇಳುದ್ರಾ?"

ಬಾಟಲಿ ತೆಗೆದುಕೊಂಡವಳು ನಾನು. ಕೇಳಿರಲಿಲ್ಲ. ಹಾಲು ಒಡೆದಿದ್ದನ್ನು ಮಂಗಳಮ್ಮನೂ ನೋಡಿದ್ದರು, ಕೆಚ್ಚಲು ಬಾವಿನ ಹಾಲು ಹೀಗೇ ಎಂದುಕೊಂಡಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಂಗಳಮ್ಮ ಚೀಲದಿಂದ ಹೊಸ ಟ್ಯೂಬು ತೆಗೆದರು. ಕೈ ತೊಳೆದು, ಮೊಲೆತೊಟ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲ ಹಾಲು ಚೆಲ್ಲಿ, ಆಮೇಲಿನದನ್ನು ತಾವೇ ಟ್ಯೂಬಿಗೆ ಕರೆದುಕೊಂಡರು. ಗೋವಿಂದಮ್ಮ ಮುಖ ತಿರುಗಿಸಿ ನಿಂತರು, ತಡೆಯಲಿಲ್ಲ.

ಈ ಸಲ ತಟ್ಟೆಯ ತುಂಬ ಬೆಳೆಯಿತು, ನಾಟುವ ಔಷಧ ಗೊತ್ತಾಯಿತು, ಹಸು ಎದ್ದಿತು. ಆದರೆ ನಾಲ್ಕು ಮೊಲೆಗಳಲ್ಲಿ ಎರಡು ಬತ್ತಿಹೋದವು.

ಆಮೇಲೆ ಪವಿತ್ರಾ ಮನೆಯಲ್ಲಿ ಇಟ್ಟುಕೊಳ್ಳಲು ಪೂರ್ತಿ ರಿಪೋರ್ಟ್ ಕೇಳಿದಳು. ಅದರ ಕೆಳಗೆ ಮಂಗಳಮ್ಮ ಒಂದು ಸಾಲು ಸೇರಿಸಿದರು: "ಮೊದಲು ಬಂದದ್ದು ಕಾಯಿಸಿದ ಹಾಲು. ಕೇಳದೆ ಪರೀಕ್ಷೆಗೆ ಹಾಕಿದ ತಪ್ಪು ನಮ್ಮದು."

ಅಮೃತೇಶ್ ಕೆಂಡವಾದರು. "ಯಾರಾದ್ರೂ ರಿಪೋರ್ಟಲ್ಲಿ ಇಂಥದ್ದು ಬರೀತಾರಾ? ಹೊಡೆದುಹಾಕಿ ಅದನ್ನ!"

"ಹೊಡೆದುಹಾಕ್ತೀನಿ ಸಾ," ಎಂದರು ಮಂಗಳಮ್ಮ. "ಆ ಎರಡು ಮೊಲೇಲಿ ಹಾಲು ಬಂದ ದಿನ."

ನಾನು ಅದನ್ನು ಹಾಗೇ ಪ್ರಿಂಟ್ ತೆಗೆದು ಪವಿತ್ರಾಳ ಕೈಗೆ ಕೊಟ್ಟೆ.