ಮೊದಲ ತುತ್ತು ನುಂಗಿದವರು

ನಮ್ಮತ್ತೆ ದಿನವೂ ಪರಸ್ಥಳದ ಒಬ್ಬರಿಗೆ ಊಟ ಹಾಕಿದ ಮೇಲೆಯೇ ತಾವು ಉಣ್ಣುತ್ತಿದ್ದರು. ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಗೆಟ್ಟವಾಡಿಯ ನಮ್ಮ ಮನೆಯ ಜಗಲಿಯಲ್ಲಿ ರಸ್ತೆ ನೋಡುತ್ತ ಕೂರುವರು. ಬಂದವರ ಜಾತಿ ಕೇಳುತ್ತಿರಲಿಲ್ಲ. ಊರವರು ಮಾತ್ರ ಆಗುತ್ತಿರಲಿಲ್ಲ. ಇವತ್ತು ಮುದ್ದೆ ಇಟ್ಟರೆ ನಾಳೆ ಅವರು ಸಾರು ತಂದುಕೊಡುತ್ತಾರೆ. ಅದು ಕೊಟ್ಟು ತಗೊಳ್ಳುವುದಾಯಿತೇ ಹೊರತು ಶಿವನಿಗೆ ಮುಟ್ಟುವುದಿಲ್ಲ ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಸೊಸೆಯಾಗಿ ಬಂದು ಎರಡು ತಿಂಗಳಾಗಿತ್ತು. ಒಂದು ವಾರ ಜಡಿಮಳೆ ಹಿಡಿಯಿತು. ಘಾಟಿಯಲ್ಲಿ ಲಾರಿ ಮಗುಚಿ ಸತ್ಯಮಂಗಲದ ಬಸ್ಸು ನಿಂತಿತು. ಹಳ್ಳ ತುಂಬಿ ಚಾಮರಾಜನಗರದ ಬಸ್ಸೂ ನಿಂತಿತು. ಎರಡು ದಿನ ಊರಿಗೆ ಯಾರೂ ಬರಲಿಲ್ಲ. ಅತ್ತೆ ಬರೀ ನೀರು ಕುಡಿದರು. ಮೂರನೆಯ ಬೆಳಿಗ್ಗೆ ಪೂಜೆಗೆ ಕೂತವರು ಏಳಲಾರದೆ ಗೋಡೆ ಹಿಡಿದರು. ನಾನು ಅವರ ಅಂಗೈ ಮುಟ್ಟಿದೆ. ತಣ್ಣಗಿತ್ತು. ಇನ್ನೊಂದು ದಿನ ತಡೆಯುವ ಜೀವವಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಮಾವ ಬೇಡಿಕೊಂಡದ್ದು ವ್ಯರ್ಥವಾಯಿತು. ಆಗ ಪಕ್ಕದ ಮನೆಯ, ವರಸೆಯಲ್ಲಿ ನನಗೆ ಮೈದುನನಾಗಬೇಕಾದವನು ಒಂದು ಉಪಾಯ ಮಾಡಿದ. ಕಂಬಳಿ ಮುಸುಕು ಹಾಕಿ, ಹಿತ್ತಲಿಂದ ಸುತ್ತಿಕೊಂಡು ಬಂದು, ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಊಟ ಕೇಳಿದ. ಅತ್ತೆ ಕಣ್ಣು ತೆರೆಯಲೇ ಇಲ್ಲ.

“ನಿನ್ ಎಂಡ್ರು ಮುದ್ದೆ ಮಾಡಿಲ್ವೇನ್ಲಾ?”

ಇಲ್ಲ ಎಂದು ಅವನು ತಮಿಳಿನಲ್ಲೇ ಹೇಳಿದ.

ಮಧ್ಯಾಹ್ನ ಒಬ್ಬ ನಿಜವಾಗಿಯೂ ಬಂದ. ಕಳೆದುಹೋದ ಎಮ್ಮೆಯನ್ನು ಹುಡುಕುತ್ತ, ಹಿಂದಿನ ದಿನವೇ ತಾಳಮಲೆ ಕಡೆಯಿಂದ ಹೊರಟವನಂತೆ. ಅವನು ಎಮ್ಮೆಯ ಗುರುತು ಹೇಳುತ್ತಿರುವಾಗಲೇ ಮಾವ ಅವನ ಕಾಲಿಗೆ ನೀರು ಹಾಕಿದರು. ಮೈದುನ ಅವನ ಕೋಲು ಕಿತ್ತುಕೊಂಡು, ಅವನು ಹೊರಟುಹೋಗದಂತೆ ಬಾಗಿಲಿಗೆ ಅಡ್ಡ ಕೂತ. ನಾನು ಮುದ್ದೆ, ಹುರುಳಿ ಸಾರು ಬಡಿಸಿದೆ. ಅವನ ಕೈ ತಟ್ಟೆಗೆ ಹೋಯಿತು. ಆಗ ನಾನು ಆಡಬಾರದ ಒಂದು ಮಾತು ಆಡಿದೆ. ಬೇಗ ಉಣ್ಣಿ ಅಣ್ಣ, ನಮ್ಮತ್ತೆ ಮೊನ್ನೆಯಿಂದ ಏನೂ ತಿಂದಿಲ್ಲ ಎಂದೆ.

ಕೈ ಹಿಂದಕ್ಕೆ ಬಂತು.

“ಅಸ್ಕೊಂಡಿರೋ ತಾಯಿ ಮುಂದ ನಾನು ಉಣ್ಣಾದಿಲ್ಲ ಕಣವ್ವ. ನಮ್ ದೇವ್ರಿಗೆ ಆಗಾಕಿಲ್ಲ. ಮೊದ್ಲು ಅವ್ರು ಉಣ್ಲಿ.”

“ನೀ ಉಣ್ದೆ ನಾ ಎಂಗಪ್ಪ ಉಣ್ಲಿ?” ಎಂದರು ಅತ್ತೆ.

“ನೀವು ಉಣ್ದೆ ನಾ ಎಂಗವ್ವ ಉಣ್ಲಿ?”

ಇಬ್ಬರೂ ದನಿ ಏರಿಸಲಿಲ್ಲ. ಒಬ್ಬರಿಗೊಬ್ಬರು ಕೈ ಮುಗಿದೇ ಮಾತಾಡಿದರು. ನಾನು ಸಾರನ್ನು ಎರಡು ಸಲ ಬಿಸಿ ಮಾಡಿದೆ. ಕೊಟ್ಟಿಗೆಯ ಹಿಂದೆ ಹೋಗಿ ಉಣ್ಣು, ಅಲ್ಲಿ ಇವಳು ನಿನ್ನ ಮುಂದೆ ಇರುವುದಿಲ್ಲ ಎಂದು ಮಾವ ಹೇಳಿದರು. ದೇವರು ಕೊಟ್ಟಿಗೆ ಹಿಂದೆಯೂ ಇರುತ್ತಾನೆ ಎಂದ ಅವನು. ಅವನು ಹೇಳುವುದೇ ಸರಿ ಎಂದು ಅತ್ತೆ ಮೆಚ್ಚಿಕೊಂಡರು. ಹಾಗೆ ಹೇಳುವಾಗ ಅವರ ತಲೆ ಗೋಡೆಗೆ ಒರಗಿತ್ತು.

ಕೊನೆಗೆ ಮಾವ ತೀರ್ಮಾನ ಕೊಟ್ಟರು. ಇಬ್ಬರೂ ಒಂದೇ ಹೊತ್ತಿಗೆ ನುಂಗಬೇಕು. ನಾನು ಹೊಸಬಳು, ಯಾರ ಕಡೆಯವಳೂ ಅಲ್ಲ. ಆದ್ದರಿಂದ ನಾನೇ ಸಾಕ್ಷಿ. ಇಬ್ಬರೂ ಒಪ್ಪಿದರು. ಎರಡು ತಟ್ಟೆಗಳ ನಡುವೆ ಕೂತು ನಾನು ಎರಡು ಗಂಟಲುಗಳನ್ನು ನೋಡಿದೆ.

ಮಾವ ಹೂಂ ಎಂದರು. ತುತ್ತು ಎರಡೂ ಎದ್ದವು, ಎರಡೂ ತುಟಿಯ ಹತ್ತಿರ ನಿಂತವು. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಿದ್ದರು. ಅವನ ಬಾಯಿ ಖಾಲಿಯಿತ್ತು, ಆದರೂ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಅದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು. ಅತ್ತೆ ನುಂಗಿಬಿಟ್ಟರು. ಆಮೇಲೆ ಅವನು.

ಯಾರು ಮೊದಲು ಎಂದು ಮಾವ ನನ್ನನ್ನು ಕೇಳಿದರು. ಒಟ್ಟಿಗೇ ಎಂದೆ.

“ಸುಳ್ ಯೋಳ್ಬ್ಯಾಡ ಕೂಸೆ. ನಾನೇ ಮೊದ್ಲು,” ಎಂದರು ಅತ್ತೆ. “ಆ ಮಗಂಗೆ ಅಸ್ದಿತ್ತು. ಬುಡು, ಶಿವ ನೋಡ್ಕತಾನೆ.”

ಮೂವತ್ತು ವರ್ಷದ ನೇಮವಂತೆ ಅದು. ಅತ್ತೆ ಇನ್ನೊಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, ಇನ್ನೂ ಸ್ವಲ್ಪ ಸಾರು ಹಾಕು ಎಂದರು.