ಶಾಂತಾಬಾಯಿ ಅಲ್ಲ, ಶಾಂತಮ್ಮ

ಎಷ್ಟೇ ದೊಡ್ಡವರಿರಲಿ, ಶಾಂತಮ್ಮ ಸಿಸ್ಟರ್ ಗದ್ದ ಹಿಡಿದು ಮುಖ ಹೊರಳಿಸಿ ಕಿವಿಯ ಹಿಂದೆ ನೋಡುತ್ತಿದ್ದರು. “ಈ ಮಚ್ಚಿ ನಿಮ್ಮವ್ವಗಿಂತ ಮೊದಲ ನೋಡ್ದಾಕಿ ನಾ!” ಠಾಣಾ ಕುಶನೂರದ ಅರ್ಧ ಊರು ಅವರ ಕೈಯಲ್ಲೇ ಹುಟ್ಟಿತ್ತು. ನರ್ಸ್ ಕೆಲಸದಿಂದ ನಿವೃತ್ತರಾದ ನಂತರವೂ, ಯಾರು ಯಾರ ಮಗಳೆಂದು ಸಾಕ್ಷಿ ಬೇಕಾದಾಗ ಜನ ಅವರ ಕಟ್ಟೆಗೇ ಬರುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಜನರ ಗುರುತು ದಾಖಲಿಸುವ ಸರ್ಕಾರದ ಬ್ಲಾಕ್‌ಚೈನ್ ಯೋಜನೆಗಾಗಿ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಒಂದೊಂದು ಕಂಪ್ಯೂಟರ್. ಮೂರರಲ್ಲಿ ಎರಡು ‘ಹೌದು’ ಎಂದರೆ ಮಾತ್ರ ದಾಖಲೆ, ಬರೆದದ್ದನ್ನು ಅಳಿಸಲಾಗದು, ಮುಂದೆ ತಿದ್ದುಪಡಿ ಸೇರಿಸಬಹುದಷ್ಟೆ. ಒಬ್ಬ ಅಧಿಕಾರಿಯ ಸುಳ್ಳು ನಡೆಯದೆಂದು ಸಿಸ್ಟರಿಗೆ ಹೆಮ್ಮೆಯಿಂದ ವಿವರಿಸಿದೆ.

“ಮೂರೂ ಕೂಡಿ ತಪ್ಪಿದ್ರ ಹ್ಯಾಂಗ್ರಿ ಸಾಹೇಬ್ರ?”

ನಾನು ನಕ್ಕೆ. ನಕ್ಕದ್ದು ಮಾತ್ರ ಖಚಿತವಾಗಿ ನೆನಪಿದೆ.

ಈ ಕಡೆ ಒಬ್ಬಳೇ ಹೆಂಗಸು ಒಂದು ಕಾಗದದಲ್ಲಿ ‘ಬಾಯಿ’, ಇನ್ನೊಂದರಲ್ಲಿ ‘ಅಮ್ಮ’. ಹೆಸರುಗಳು ತಾಳೆಯಾಗದ್ದರಿಂದ, ಎರಡನ್ನೂ ಒಂದೇ ಎಂದೆಣಿಸುವ ನಿಯಮ ಬರೆದೆ. “ಬಾಯಿ ಅಂದ್ರೇನು, ಅಮ್ಮ ಅಂದ್ರೇನು, ಕರದ್ರ ಓ ಅಂತಾರ” ಎಂದು ಸಿಸ್ಟರೇ ಹೇಳಿದ್ದರೆಂದು ನನ್ನ ಡೈರಿಯಲ್ಲಿದೆ. ಆದರೆ ಆ ಸಾಲು ಬರೆದದ್ದು ತಪ್ಪು ಬಯಲಾದ ಮೇಲೆ. ತಪ್ಪಿನಲ್ಲಿ ಅವರಿಗೂ ಪಾಲು ಹಚ್ಚಲು ನಾನೇ ಕಟ್ಟಿದ ಮಾತಿರಬಹುದು.

ಪಕ್ಕದ ಓಣಿಯ ಶಾಂತಾಬಾಯಿ ತೀರಿಕೊಂಡರು. ಅವರ ಮತ್ತು ಸಿಸ್ಟರ್ ಇಬ್ಬರ ತಂದೆಯ ಹೆಸರೂ ಮಾಣಿಕಪ್ಪ, ಹುಟ್ಟಿದ ವರ್ಷವೂ ಒಂದೇ. ಮೂರೂ ಕಂಪ್ಯೂಟರುಗಳು ಒಮ್ಮತದಿಂದ ಸಿಸ್ಟರ್ ಸತ್ತರೆಂದು ಬರೆದವು. ಅವರ ಕಣ್ಣಿನ ಪೊರೆ ತೆಗೆಯಬೇಕಿದ್ದ ಆಸ್ಪತ್ರೆ ವಾಪಸು ಕಳಿಸಿತು. ತಾವು ಬದುಕಿದ್ದೇವೆಂದು ತಮ್ಮ ಚರ್ಚಿನ ಪಾದ್ರಿ ಬರೆದುಕೊಟ್ಟ ಚೀಟಿ ಹಿಡಿದು ಸಿಸ್ಟರ್ ಬೀದರಿಗೆ ಬಂದರು. “ಮೋತಿಬಿಂದು ಬಂದದ್ದು ನನ್ ಕಣ್ಣಿಗಿ. ನಿಮ್ ಕಂಪ್ಯೂಟರಿಗ್ಯಾಕ ಕಾಣವಲ್ದು?”

ತಿದ್ದುಪಡಿಗೂ ಎರಡು ‘ಹೌದು’ ಬೇಕು. ಔರಾದ್‌ನವರು “ಮೊದಲ ಭಾಲ್ಕಿ ‘ಹೌದು’ ಒತ್ತಲ್ರಿ” ಎಂದರು. ಭಾಲ್ಕಿಯವರು “ಬೀದರ್ ಒಪ್ಪಿದ್ರ ನಮ್ದೇನು ತಕರಾರಿಲ್ರಿ” ಎಂದರು.

ಬೀದರಿನಲ್ಲಿ ಒತ್ತಬೇಕಾದವನು ನಾನು. ಒತ್ತಿದರೆ ನನ್ನ ನಿಯಮ ತಪ್ಪೆಂದು ಬರೆದುಕೊಡಬೇಕಿತ್ತು. ಪರಿಶೀಲನೆಯಲ್ಲಿದೆ ಎಂದು ಸಿಸ್ಟರನ್ನು ವಾಪಸು ಕಳಿಸಿದೆ. ಎಷ್ಟು ತಿಂಗಳು ತಡೆದೆ? ಡೈರಿಯ ಆ ಹಾಳೆಗಳು ಖಾಲಿ.

ಕೊನೆಗೆ ಒತ್ತಿದೆ. ಹಿಂದೆಯೇ ಉಳಿದೆರಡೂ ಒಪ್ಪಿದವು. ಅಷ್ಟರಲ್ಲಿ ಪೊರೆ ಬಲಿತು, ಒಳಗೆ ಒತ್ತಡ ಏರಿ, ಎರಡೂ ಕಣ್ಣು ಹೋಗಿದ್ದವು. ಸುದ್ದಿ ಹೇಳಲು ಅವರ ಮನೆಗೆ ಹೋದೆ.

“ಯಾರ್ರಿ?”

“ಬೀದರ್ ಆಫೀಸಿನವ, ಸಿಸ್ಟರ್. ನಿಮ್ಮ ಹೆಸರು ಸರಿಯಾಯ್ತು.”

“ಮೂರೂ ಒಪ್ಪಿದ್ವೇನ್ರಿ?”

“ಮೂರೂ.”

“ಹಂಗಾರ ನಾ ಇದ್ದೀನಿ ಬಿಡ್ರಿ,” ಎಂದು, ನನಗೆ ನೀರು ತರಲು ಗೋಡೆ ತಡವುತ್ತ ಒಳಗೆ ಹೋದರು.