ಪ್ಯೋ ಮೇಷ್ಟ್ರ ಅನುಪಾತ

ಗಾಂಗ್‌ವನ್ ಬೆಟ್ಟದೂರಿನ ಗಣಿತದ ಪ್ಯೋ ಮೇಷ್ಟ್ರ ಪಾಲಿಗೆ ಲೋಕದಲ್ಲಿರುವುದು ಎರಡೇ ಜಾತಿ: ನೇರ ಅನುಪಾತ, ವಿಲೋಮ ಅನುಪಾತ. ಕಿಮ್ಚಿ ಉಪ್ಪಿನಕಾಯಿಗೆ ಕೋಸು ದುಪ್ಪಟ್ಟು ತಂದರೆ ಉಪ್ಪೂ ದುಪ್ಪಟ್ಟು, ಅದು ನೇರ. ಉಪ್ಪು ಸವರುವ ಕೈಗಳು ದುಪ್ಪಟ್ಟಾದರೆ ಹೊತ್ತು ಅರ್ಧ, ಅದು ವಿಲೋಮ. "ಹಾಗಾದ್ರೆ ಪಾಠ ನಿಲ್ಸಿ, ಆ ಎರಡು ಕೈ ಇಲ್ಲಿ ಕೊಡ್ರೀ" ಎನ್ನುತ್ತಾಳೆ ಕೋಸಿನ ರಾಶಿಯ ಮುಂದೆ ಕೂತ ಹೆಂಡತಿ. ಮೇಷ್ಟ್ರಿಗೆ ಆಗ ತಟ್ಟನೆ ಶಾಲೆಯ ನೆನಪಾಗುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಸಾಕು, ಅದೇ ವಿಲೋಮ ಎನ್ನುವವರನ್ನು ಮಾತ್ರ ಅವರು ಎಂದೂ ಕ್ಷಮಿಸಿದವರಲ್ಲ. "ಗುಣಿಸಿ ನೋಡ್ರೋ! ಗುಣಲಬ್ಧ ಬದಲಾಗ್ದೇ ಇದ್ರೆ ಮಾತ್ರ ವಿಲೋಮ!" ಎಂದು ಮೇಜು ಕುಟ್ಟುತ್ತಾರೆ. ಅದಕ್ಕೆ ಅವರ ನೆಚ್ಚಿನ ಉದಾಹರಣೆ ಅವರದೇ ತರಗತಿ: ಆರು ಮಕ್ಕಳಿದ್ದಾಗ ತಲೆಗೆ ಹತ್ತು ನಿಮಿಷ, ಮೂವರಾದಾಗ ಇಪ್ಪತ್ತು, ಈಗ ಉಳಿದಿರುವ ಸೋ-ದಾಮ್ ಒಬ್ಬಳಿಗೇ ಪೂರ್ತಿ ಅರವತ್ತು. "ಸಿಯೋಲಿನ ಯಾವ ಸಾಹುಕಾರನ ಮಗಳಿಗಿದೆ ಹೇಳು, ಈ ಭಾಗ್ಯ?" ಎಂದು ಮೊನ್ನೆಯೂ ಬೀಗಿದರು. "ಮುಂದಿನ ವರ್ಷ ನಾನೂ ಊರು ಬಿಟ್ರೆ, ಮೇಷ್ಟ್ರೇ?" ಎಂದಳು ಅವಳು. "ವಿಲೋಮದಲ್ಲಿ ಸೊನ್ನೆ ಬರೋ ಹಾಗೇ ಇಲ್ಲ ಕಣಮ್ಮ!" ಎಂದು ಮೇಜು ಕುಟ್ಟಲು ಕೈ ಎತ್ತಿದ ಮೇಷ್ಟ್ರು, ಅದನ್ನು ಮೆಲ್ಲಗೆ ಇಳಿಸಿದರು.